ಮುಗಿಲು ನೋಡುವವರ ನಾಡಿನಲ್ಲಿ ‘ಬೆಳ್ಳಿಮೋಡ’

ವಿಜಯಪುರದಿಂದ ತಿಕೋಟಾಕ್ಕೋ ಬಬಲೇಶ್ವರಕ್ಕೋ ಹೋಗುವ ಬಸ್ಸಿನಲ್ಲಿ, ಕಿಟಕಿಯಾಚೆ ಎರೆಹೊಲ, ದ್ರಾಕ್ಷಿತೋಟ ಸರಿಯುತ್ತಿರುವಾಗ, ತ್ರಿವೇಣಿಯವರ ಕಾದಂಬರಿ ‘ಬೆಳ್ಳಿಮೋಡ’ ಓದಬೇಕು. ಕತೆ ನಡೆಯುವುದು ಹಸಿರು ಮಲೆನಾಡಿನಲ್ಲಿ, ನಿಜ. ಆದರೆ ಮಳೆ ಸುರಿಸದೆ ಹಾದುಹೋಗುವ ಮೋಡದ ನೋವು ನಮ್ಮ ಕಡೆಯವರಿಗೆ ಯಾರೂ ಬಿಡಿಸಿ ಹೇಳಬೇಕಿಲ್ಲ.

ಇಂದಿರೆ ಶ್ರೀಮಂತರ ಒಬ್ಬಳೇ ಮಗಳು. ಅವಳ ಕೈಹಿಡಿಯಬೇಕಾದ ಮೋಹನ ಅವಳ ತಂದೆಯ ದುಡ್ಡಿನಲ್ಲಿ ಅಮೆರಿಕಕ್ಕೆ ಓದಲು ಹೋಗುತ್ತಾನೆ. ಅಷ್ಟರಲ್ಲಿ ಅವಳಿಗೊಬ್ಬ ತಮ್ಮ ಹುಟ್ಟುತ್ತಾನೆ. ಆಸ್ತಿಯ ಲೆಕ್ಕ ತಿರುಗುತ್ತದೆ, ಮೋಹನನ ಮನಸ್ಸೂ. ತೊಟ್ಟಿಲ ಕೂಸೊಂದು ಪ್ರೇಮದ ಬಣ್ಣ ಬಯಲು ಮಾಡುವ ಈ ಹೆಣಿಗೆಗೇ ನಾನು ಸೋತದ್ದು. ಖಳನಾಯಕನಿಲ್ಲ, ಪಿತೂರಿಯಿಲ್ಲ.

ಮುಂದೆ ಅವನು ಕಾಲು ಮುರಿದುಕೊಂಡು ಬಿದ್ದಾಗ ಆರೈಕೆ ಮಾಡುವವಳು ಅವಳೇ. ಸಾಮಾನ್ಯ ಪ್ರೇಮಕಾದಂಬರಿ ಇಲ್ಲಿ ಇಬ್ಬರನ್ನೂ ಕೂಡಿಸಿ ಮುಗಿಸಿಬಿಡುತ್ತಿತ್ತು. ಅವನಿಗೀಗ ನಿಜವಾಗಿ ಪ್ರೀತಿ ಮೂಡಿದೆ, ಓದುಗರಿಗೂ ಆಸೆ ಹುಟ್ಟಿದೆ. ಆಗ ಇಂದಿರೆ ಒಲ್ಲೆ ಎನ್ನುತ್ತಾಳೆ. ಆರೈಕೆಯ ಕರುಣೆ ಬೇರೆ, ಕೈ ಹಿಡಿಯುವ ಒಲವು ಬೇರೆ. ಎರಡರ ನಡುವಿನ ಗೆರೆಯನ್ನು ತ್ರಿವೇಣಿ ದನಿಯೇರಿಸದೆ ಎಳೆಯುತ್ತಾರೆ. ಮನಃಶಾಸ್ತ್ರ ಓದಿದ ಲೇಖಕಿ ಅವರು. ಆದರೆ ಆ ಓದು ಪಾಠವಾಗಿ ಎಲ್ಲೂ ಮೇಲೆ ತೇಲುವುದಿಲ್ಲ. ಅವರ ಗದ್ಯ ಎಷ್ಟು ತಿಳಿಯೆಂದರೆ ಅದರ ಕಸುಬು ಮೊದಲ ಓದಿಗೆ ಕಾಣುವುದೇ ಇಲ್ಲ.

1928ರಲ್ಲಿ ಹುಟ್ಟಿ 1963ರಲ್ಲಿ ತೀರಿಕೊಂಡ ಅವರು, ಪುಟ್ಟಣ್ಣ ಕಣಗಾಲರು 1967ರಲ್ಲಿ ತೆರೆಗೆ ತಂದ ಇದೇ ಕತೆಯನ್ನು ನೋಡಲಿಲ್ಲ. ಚಿತ್ರದಲ್ಲಿ ಕಲ್ಪನಾ ಇಂದಿರೆಯಾದರು. ಚಿತ್ರ ಚೆಂದವೇ, ಆದರೂ ಇಂದಿರೆಯ ಮೌನ ಪುಸ್ತಕದಲ್ಲೇ ನನಗೆ ಹೆಚ್ಚು ಕೇಳಿಸುತ್ತದೆ.