ಮನೆಗೊಂದು ಅಂಕಿ
ವಿಜಯಪುರದ ಭೂತನಾಳ ಕೆರೆಯಂಥ ಜಲಾಶಯದ ಆಳವನ್ನು ಚೌಕಳಿ ಗೆರೆಗಳಗುಂಟ ಅಳೆದರೆ ಸಿಗುವುದು ಉದ್ದನೆಯ ಪಟ್ಟಿ: ಪೂರ್ವದ ದೂರ, ಉತ್ತರದ ದೂರ, ಆಳ. ಅದನ್ನು ಎಕ್ಸೆಲ್‌ಗೆ ತಂದು, ಒಂದು ದೂರವನ್ನು ಅಡ್ಡಸಾಲಿಗೆ, ಇನ್ನೊಂದನ್ನು ಕಂಬಸಾಲಿಗೆ ಏರಿಕೆಯ ಕ್ರಮದಲ್ಲಿಟ್ಟು, ಕೋಷ್ಟಕದ ಮನೆಮನೆಗೂ ಆಳ ತುಂಬುವುದು ಗುಮಾಸ್ತಗಿರಿಯಂತೆ ಕಂಡರೂ ಲೆಕ್ಕದ ಜೀವ ಅಲ್ಲೇ ಇದೆ. ಅಳೆಯದ ಬಿಂದುವಿನ ಆಳವನ್ನು ಸುತ್ತಲಿನ ನಾಲ್ಕು ಮೂಲೆಗಳಿಂದ ಅಂದಾಜಿಸಬೇಕು. ಮೂಲೆಗಳು 2, 3, 4, 5 ಮೀಟರ್ ಎಂದುಕೊಂಡರೆ ನಟ್ಟನಡುವೆ 3.5, ಆ 5 ಬಿಟ್ಟುಹೋಗಿ ಖಾಲಿ ಮನೆ ಸೊನ್ನೆಯೆಂದು ಎಣಿಕೆಯಾದರೆ 2.25. ತಪ್ಪು ಸೂತ್ರದ್ದಲ್ಲ, ಜೋಡಣೆಯದು.

ಇದನ್ನೆಲ್ಲ ತಂತ್ರಾಂಶವೇ ಮಾಡೀತು ಎನ್ನಬಹುದು. ಆದರೆ ಖಾಲಿ ಮನೆ ಅಳೆಯದ ಜಾಗವೋ ಒಣ ದಂಡೆಯೋ ಎಂಬುದು ಅದಕ್ಕೆ ತಿಳಿಯದು. ಅಂದಾಜಿನಿಂದ ಮೂಡುವ ನುಣುಪಾದ ಮೇಲ್ಮೈಯೇ ಸತ್ಯವಲ್ಲ ಎಂಬ ಆಕ್ಷೇಪವೂ ಸರಿ: ಅಳತೆಯ ಗಡಿ ದಾಟಿದ್ದು ಬರೀ ಊಹೆ. ಗಡಿಯೊಳಗಿನ ಅಂದಾಜನ್ನು ನಂಬಬೇಕಾದರೆ ಮೊದಲು ಕೋಷ್ಟಕವನ್ನು ತಿದ್ದಿ, ಆಮೇಲೆ ಸೂತ್ರ ಹಚ್ಚಿ.