ಮಿಫಿಯ ಕೆನ್ನೆಯ ಹನಿ

ಮಕ್ಕಳ ಚಿತ್ರಪುಸ್ತಕಗಳ ಪುಟ್ಟ ಮೊಲ ಮಿಫಿ ಹುಟ್ಟಿದ ಕಥೆ ಚಿಕ್ಕದು. 1955ರಲ್ಲಿ ಡಚ್ ಚಿತ್ರಕಾರ ಡಿಕ್ ಬ್ರೂನಾ ಮನೆಯವರೊಂದಿಗೆ ನೆದರ್ಲೆಂಡ್ಸಿನ ಎಗ್ಮಂಡ್ ಕಡಲತೀರಕ್ಕೆ ರಜೆಗೆ ಹೋಗಿದ್ದರು. ಮರಳದಿಬ್ಬಗಳಲ್ಲಿ ಮೊಲವೊಂದು ಕಂಡಿತು. ರಾತ್ರಿ ಎಳೆಯ ಮಗನಿಗೆ ಅದರದೇ ಕಥೆ. ಆಮೇಲೆ ಅದು ಪುಸ್ತಕವಾಯಿತು. ಡಚ್ಚರ ಬಾಯಲ್ಲಿ ಮಿಫಿಯ ಹೆಸರು ನೈನ್ಚೆ. ಪುಟ್ಟ ಮೊಲಕ್ಕಿರುವ ಅವರ ಪದದ ಮೊದಲ ಅಕ್ಷರವನ್ನು ಮಕ್ಕಳು ನುಂಗಿ ಹೇಳಿದ ಹಾಗೆ.

ಆದರೆ ಆ ಮೊದಲ ಪುಸ್ತಕ ತೆರೆದು ನೋಡಿ. ಅದರಲ್ಲಿರುವುದು ಬಟ್ಟೆಗೊಂಬೆಯಂಥ ಮೊಲ, ಕಿವಿಗಳು ಅತ್ತಿತ್ತ ವಾಲಿವೆ. ನಾವು ಬಲ್ಲ ಮಿಫಿ ಅದಲ್ಲ. ನನ್ನ ಲೆಕ್ಕದಲ್ಲಿ ಅವಳು ಹುಟ್ಟಿದ್ದು 1963ರಲ್ಲಿ, ಬ್ರೂನಾ ಆ ಚಿತ್ರಗಳನ್ನೆಲ್ಲ ಹೊಸದಾಗಿ ಬರೆದಾಗ. ನೆಟ್ಟಗೆ ನಿಂತ ಕಿವಿ, ಕಣ್ಣಿಗೆ ಎರಡು ಚುಕ್ಕಿ, ಮೂಗು–ಬಾಯಿಗೆ ಒಂದೇ ಒಂದು ಇಂಟು ಗುರುತು. ಮೈ ಎತ್ತ ತಿರುಗಿದರೂ ಮುಖ ಮಾತ್ರ ಪುಸ್ತಕ ಹಿಡಿದ ಮಗುವಿನ ಕಡೆಗೇ. ಮನೆತನದ ಪ್ರಕಾಶನಕ್ಕೆ ಎರಡು ಸಾವಿರದಷ್ಟು ಮುಖಪುಟ ಮಾಡಿದ ಕೈ ಅದು. ಏನನ್ನು ಬಿಡಬೇಕೆಂಬುದು ಅದಕ್ಕೆ ಚೆನ್ನಾಗಿ ಗೊತ್ತಿತ್ತು.

‘ಇದನ್ನು ಯಾರು ಬೇಕಾದರೂ ಬರೀತಾರೆ’ ಎನ್ನುವವರ ಜತೆ ನನ್ನ ಜಗಳ ಹಳೆಯದು. ಅವರು ಮೆಚ್ಚುವ ಪುಸ್ತಕಗಳಲ್ಲಿ ರೆಪ್ಪೆಗೂದಲೂ ಹೊಳೆಯುತ್ತದೆ, ಹುಲ್ಲಿನ ಎಸಳಿಗೂ ನೆರಳಿದೆ. ಮಗು ಊಹಿಸಿಕೊಳ್ಳಲು ಜಾಗವೇ ಇಲ್ಲ. ಮಿಫಿಯ ಗೆರೆಯನ್ನು ಕಣ್ಣಿಗೆ ಹತ್ತಿರ ಹಿಡಿದು ನೋಡಬೇಕು. ಅಂಚು ಸಣ್ಣಗೆ ನಡುಗುತ್ತದೆ. ಸ್ಕೇಲಿಟ್ಟು ಎಳೆದದ್ದಲ್ಲ, ಕಪ್ಪು ಬಣ್ಣದ ಕುಂಚವನ್ನು ಇಷ್ಟಿಷ್ಟೇ ಸರಿಸುತ್ತ ತಂದ ಗೆರೆ. ಉಸಿರಾಡುವ ಗೆರೆ ಎಂದರೆ ಇದೇ.

ಹುಟ್ಟಿನ ಮಾತು ಅಲ್ಲಿಗೆ ಬಿಡುತ್ತೇನೆ. ನನ್ನನ್ನು ಹಿಡಿದು ನಿಲ್ಲಿಸುವುದು ಮಿಫಿಯ ಅಜ್ಜಿ ತೀರಿಕೊಳ್ಳುವ ಪುಸ್ತಕ, 1996ರದ್ದು. ಹುಬ್ಬು ಗಂಟಿಕ್ಕಿಲ್ಲ, ಬಾಯಿ ಸೊಟ್ಟಗಾಗಿಲ್ಲ. ಅದೇ ಎರಡು ಚುಕ್ಕಿ, ಅದೇ ಇಂಟು. ಹೆಚ್ಚಿಗೆ ಇರುವುದು ಕಣ್ಣೀರು ಮಾತ್ರ. ಅಷ್ಟಕ್ಕೇ ಇಡೀ ಮುಖ ಬೇರೆಯಾಗಿದೆ. ಬದಲಾಗದ ಆ ಚುಕ್ಕಿಗಳೇ ಈಗ ಅಳುತ್ತಿವೆ.

ಹೋದ ಭಾನುವಾರ ಮೂರು ವರ್ಷದ ಮೊಮ್ಮಗಳು ತೊಡೆಯ ಮೇಲೆ ಕೂತು ಅದನ್ನೇ ನೋಡುತ್ತಿದ್ದಳು. ಹೆಬ್ಬೆರಳಿನಿಂದ ಹನಿ ಒರೆಸಿದಳು. ಹೋಗಲಿಲ್ಲ. ಲಂಗದ ಅಂಚು ಹಿಡಿದು ಇನ್ನೊಮ್ಮೆ ಒರೆಸಿದಳು.