ಏಜೆಂಟನಿಗೆ ಕನ್ನಡ ಉಂಟು, ಅಧಿಕಾರಿಗೆ ಯಾಕಿಲ್ಲ?

ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆ ಪದವಿ ಮುಗಿಸಿದ ಹುಡುಗ ಹುಡುಗಿಯರ ಮುಂದಿರುವ ದಾರಿಗಳು ಎಲ್ಲರಿಗೂ ಗೊತ್ತು. ಧಾರವಾಡದಲ್ಲಿ ರೂಮು ಹಿಡಿದು ಪರೀಕ್ಷೆಗೆ ಓದುವುದು, ಸಕ್ಕರೆ ಕಾರ್ಖಾನೆಯಲ್ಲೋ ಸೊಸೈಟಿಯಲ್ಲೋ ಯಾರದಾದರೂ ಮಾತಿನ ಮೇಲೆ ಸೇರಿಕೊಳ್ಳುವುದು, ಇಲ್ಲವೇ ಪುಣೆ, ಬೆಂಗಳೂರಿನ ಬಸ್ಸು ಹತ್ತುವುದು. ವಿಮೆಯ ಮಾತು ತೆಗೆದರೆ ಮನೆಯವರ ಮುಖ ಚಿಕ್ಕದಾಗುತ್ತದೆ: ‘ಇಷ್ಟ ಓದಿ ಎಲ್ಲೈಸಿ ಏಜೆಂಟ್ ಆಗ್ತೀಯೇನ?’ ಆದರೆ ಪದವೀಧರರನ್ನು ತಿಂಗಳ ಭತ್ಯೆ ಕೊಟ್ಟು ತರಬೇತಿಗೊಳಿಸಿ ಅಧಿಕಾರಿಯನ್ನಾಗಿ ಮಾಡಿಕೊಳ್ಳುವ ವ್ಯವಸ್ಥೆಯೂ ಇದೇ ಉದ್ಯಮದಲ್ಲಿದೆ. ಜೀವ ವಿಮಾ ನಿಗಮದ ಅಪ್ರೆಂಟಿಸ್ ಡೆವಲಪ್‌ಮೆಂಟ್ ಆಫೀಸರ್ ನೇಮಕಾತಿ ಅದು. ಏಜೆಂಟರ ಬಾಯಲ್ಲಿ ‘ಡಿಓ ಸಾಹೇಬ್ರು’ ಆಗುವ ಕೆಲಸ. ಈ ವ್ಯವಸ್ಥೆಯ ಗುಣದೋಷಗಳನ್ನು ನಮ್ಮ ಮೂರು ತಾಲ್ಲೂಕುಗಳ ನೆಲದ ಮೇಲೆ ನಿಂತು ನೋಡಬೇಕು.

ಮೊದಲು ಗುಣ. 2023ರ ಅಧಿಸೂಚನೆಯಲ್ಲಿ ದೇಶಕ್ಕೆಲ್ಲ 9,394 ಹುದ್ದೆಗಳಿದ್ದವು. ಕರ್ನಾಟಕವೂ ಸೇರಿದ, ಹೈದರಾಬಾದ್ ಕೇಂದ್ರವಾಗಿರುವ ದಕ್ಷಿಣ ಮಧ್ಯ ವಲಯದ ಪಾಲು 1,408. ತರಬೇತಿಯ ಕಾಲದಲ್ಲಿ ತಿಂಗಳಿಗೆ ಸುಮಾರು 51,500 ರೂಪಾಯಿ. ಯಾವ ವಿಷಯದ ಪದವಿಯಾದರೂ ನಡೆಯುತ್ತದೆ, ವಯಸ್ಸು 21ರಿಂದ 30. ಹುದ್ದೆಗಳು ವಿಭಾಗವಾರು ಇರುವುದರಿಂದ ಬೆಳಗಾವಿ ವಿಭಾಗಕ್ಕೆ ಅರ್ಜಿ ಹಾಕಿದವನು ತನ್ನ ಸೀಮೆಯಲ್ಲೇ ಕೆಲಸ ಮಾಡುವ ಸಾಧ್ಯತೆ ಹೆಚ್ಚು. ತರಬೇತಿ ಬರೀ ತರಗತಿಯಲ್ಲಿ ಮುಗಿಯುವುದಿಲ್ಲ. ಹಳ್ಳಿ ಸುತ್ತಬೇಕು, ಏಜೆಂಟರನ್ನು ಹುಡುಕಬೇಕು, ಅವರ ಜೊತೆ ಗಿರಾಕಿಯ ಮನೆಯ ಕಟ್ಟೆಯ ಮೇಲೆ ಕೂತು ಮಾತಾಡಬೇಕು. ಕಲಿಯುವ ಕಾಲಕ್ಕೂ ಹೊಟ್ಟೆ ತುಂಬುವಷ್ಟು ಕೊಟ್ಟು, ಕೆಲಸವನ್ನು ಕೆಲಸದ ಜಾಗದಲ್ಲೇ ಕಲಿಸುವ ಇಂಥ ಪದ್ಧತಿ ನಮ್ಮ ಪದವೀಧರರಿಗೆ ಸಿಗುವುದು ಅಪರೂಪ. ಶುಲ್ಕ ಕಟ್ಟಿಸಿಕೊಂಡು ‘ತರಬೇತಿ ಮತ್ತು ನೌಕರಿ’ ಎನ್ನುವ ಖಾಸಗಿ ಕೋರ್ಸುಗಳ ಎದುರಿಗಿಟ್ಟರೆ ಇದರ ಬೆಲೆ ಗೊತ್ತಾಗುತ್ತದೆ. ಕೆಲಸ ಕೊಡುವವನೇ ಮೊದಲು ದುಡ್ಡು ಕೇಳಿದರೆ ಅಲ್ಲಿಂದ ಎದ್ದು ಬರುವುದು ಒಳ್ಳೆಯದು.

ಇನ್ನು ದೋಷ. ಪೂರ್ವಭಾವಿ ಪರೀಕ್ಷೆಯಲ್ಲಿ ಒಂದು ತಾಸಿಗೆ ನೂರು ಪ್ರಶ್ನೆ: ತಾರ್ಕಿಕ ಸಾಮರ್ಥ್ಯ 35, ಲೆಕ್ಕ 35, ಇಂಗ್ಲಿಷ್ 30. ಇಂಗ್ಲಿಷಿನಲ್ಲಿ ಪಾಸಾದರೆ ಸಾಕು, ಅದರ ಅಂಕ ರ‍್ಯಾಂಕಿಗೆ ಸೇರುವುದಿಲ್ಲ. ಸರಿ, ಹಾಗಾದರೆ ಉಳಿದ 70 ಪ್ರಶ್ನೆಗಳಾದರೂ ಕನ್ನಡದಲ್ಲಿವೆಯೇ? ಇಲ್ಲ, ಇಂಗ್ಲಿಷ್ ಮತ್ತು ಹಿಂದಿ ಮಾತ್ರ. ಹುಕ್ಕೇರಿಯ ಸಂತೆಯಲ್ಲಿ ಕನ್ನಡ, ಮರಾಠಿ ಎರಡರಲ್ಲೂ ವ್ಯವಹಾರ ಕುದುರಿಸಬಲ್ಲ ಹುಡುಗಿ, ದುಂಡು ಮೇಜಿನ ಸುತ್ತ ಕೂತ ಎಂಟು ಮಂದಿಯಲ್ಲಿ ಯಾರ ಎಡಕ್ಕೆ ಯಾರು ಎನ್ನುವುದನ್ನು ಪರಭಾಷೆಯಲ್ಲಿ ಬಿಡಿಸಲಾರದೆ ಹೊರಗುಳಿಯುತ್ತಾಳೆ. ಅತ್ತ ಏಜೆಂಟರಾಗಲು ಬರೆಯುವ ಐಸಿ-38 ಪರೀಕ್ಷೆ ಕನ್ನಡದಲ್ಲಿದೆ. ಪಾಲಿಸಿ ಮಾರಲು ಕನ್ನಡ ಸಾಕು, ಮಾರುವವರನ್ನು ನಡೆಸಲು ಸಾಲದು ಎಂದಂತಾಯಿತು. ದಿನವೆಲ್ಲ ಇಬ್ಬರೂ ಆಡುವ ಮಾತು ಮಾತ್ರ ಒಂದೇ.

ಆ ಹುಡುಗಿಗೆ ಏನು ಗೊತ್ತಿರುತ್ತದೆ ಎನ್ನುವುದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಈ ಭಾಗದಲ್ಲಿ ದುಡ್ಡು ತಿಂಗಳ ಲೆಕ್ಕದಲ್ಲಿ ಓಡಾಡುವುದಿಲ್ಲ, ಕಬ್ಬಿನ ಬಿಲ್ಲಿನ ಲೆಕ್ಕದಲ್ಲಿ ಓಡಾಡುತ್ತದೆ. ಕಬ್ಬು ಕಳಿಸಿದ 14 ದಿನದೊಳಗೆ ಹಣ ಕೊಡಬೇಕೆಂದು 1966ರ ಕಬ್ಬು ನಿಯಂತ್ರಣ ಆದೇಶ ಹೇಳಿದರೂ ಬಿಲ್ಲು ತಡವಾಗುವುದನ್ನು ರೈತರು ಕಂಡೇ ಬಂದಿದ್ದಾರೆ. 2025ರ ನವೆಂಬರಿನಲ್ಲಿ ಮೂಡಲಗಿ ತಾಲ್ಲೂಕಿನ ಗುರ್ಲಾಪುರ ಕ್ರಾಸಿನಲ್ಲಿ ರೈತರು ಟನ್ನಿಗೆ 3,500 ರೂಪಾಯಿ ಕೇಳಿ ರಸ್ತೆಯಲ್ಲಿ ಕೂತರು, ಕಡೆಗೆ ಸರ್ಕಾರ 3,300ಕ್ಕೆ ತೀರ್ಮಾನ ಮಾಡಿತು. ಅಂಥ ತಿಂಗಳಲ್ಲಿ ಯಾರ ಮನೆಯಲ್ಲಿ ಪ್ರೀಮಿಯಂ ನೆನಪಾದೀತು? ತಿಂಗಳ ಕಂತಿನ ಪಾಲಿಸಿಗೆ ಸಿಗುವ ರಿಯಾಯಿತಿ ಅವಧಿ 15 ದಿನ, ವರ್ಷದ ಕಂತಿಗೆ 30 ದಿನ. ರೈತನಿಗೆ ತಿಂಗಳ ಕಂತು ಬರೆಸುವವನು ಹಳ್ಳಿ ಅರಿಯದವನು. ಬಿಲ್ಲು ಕೈಗೆ ಬರುವ ಹೊತ್ತಿಗೆ ವರ್ಷದ ಕಂತು ಬೀಳುವಂತೆ ಹೊಂದಿಸುವವನು ಒಳ್ಳೆಯ ಡಿಓ. ಲ್ಯಾಪ್ಸ್ ಆದ ಪಾಲಿಸಿಯನ್ನು ಐದು ವರ್ಷದೊಳಗೆ ಮತ್ತೆ ಜೀವಂತಗೊಳಿಸಬಹುದು ಎಂದು ಮನೆಗೆ ಹೋಗಿ ತಿಳಿಸುವುದೂ ಅವನ ಕೆಲಸವೇ. ಈ ಅರಿವನ್ನು ಅಳೆಯುವ ಒಂದು ಪ್ರಶ್ನೆಯೂ ಪೂರ್ವಭಾವಿ ಪರೀಕ್ಷೆಯಲ್ಲಿಲ್ಲ. ಮುಖ್ಯ ಪರೀಕ್ಷೆಯಲ್ಲಿ ವಿಮೆಯ ವಿಷಯ ಬರುತ್ತದೆ ನಿಜ, ಆದರೆ ಅಷ್ಟೊತ್ತಿಗೆ ಅರ್ಧ ಊರು ಸೋಸಿ ಹೋಗಿರುತ್ತದೆ.

ನೇಮಕವಾದ ಮೇಲಿನ ಅಳತೆಗೋಲಿನಲ್ಲೂ ಒಂದು ಎಡವಟ್ಟಿದೆ. ಡಿಓನ ಸಂಬಳದ ಖರ್ಚನ್ನು ಅವನು ತರುವ ಹೊಸ ಪ್ರೀಮಿಯಮ್ಮಿನ ಜೊತೆ ತೂಗಿ ನೋಡುತ್ತಾರೆ. ಹೀಗಾಗಿ ಅವನ ಒತ್ತಡ ಏಜೆಂಟನ ಮೇಲೆ, ಏಜೆಂಟನ ಒತ್ತಡ ಕಾಕಾ, ಮಾಮಾ, ಬೀಗರ ಮೇಲೆ. ಮೊದಲ ವರ್ಷ ಬಳಗವೆಲ್ಲ ಪಾಲಿಸಿ ಮಾಡಿಸುತ್ತದೆ, ಎರಡನೆಯ ವರ್ಷ ಕಂತು ನಿಂತು ಮದುವೆಮನೆಯಲ್ಲಿ ಮಾತು ಕಡಿಮೆಯಾಗುತ್ತದೆ. ಈ ವಿಷಯದಲ್ಲಿ 2024ರ ಡಿಸೆಂಬರ್ 9ರಂದು ಪಾಣಿಪತ್‌ನಲ್ಲಿ ಶುರುವಾದ ನಿಗಮದ್ದೇ ಬಿಮಾ ಸಖಿ ಯೋಜನೆ ಹೆಚ್ಚು ಜಾಣತನದ್ದು. ಹತ್ತನೆಯ ತರಗತಿ ಓದಿದ ಹೆಣ್ಣುಮಕ್ಕಳಿಗೆ ಮೊದಲ ವರ್ಷ ತಿಂಗಳಿಗೆ 7,000, ಆಮೇಲೆ 6,000, ಮೂರನೆಯ ವರ್ಷ 5,000 ರೂಪಾಯಿ. ಮೊದಲ ವರ್ಷ ಮಾಡಿಸಿದ ಪಾಲಿಸಿಗಳಲ್ಲಿ ಶೇ 65ರಷ್ಟು ಉಳಿದಿದ್ದರೆ ಮಾತ್ರ ಎರಡನೆಯ ವರ್ಷದ ಹಣ. ಬರೀ ಮಾರಿದ್ದಕ್ಕಲ್ಲ, ಉಳಿಸಿದ್ದಕ್ಕೂ ಲೆಕ್ಕ. ಇದರಲ್ಲಿ ಪದವೀಧರೆಯರಿಗೆ ಮುಂದೆ ಡಿಓ ಹುದ್ದೆಗೆ ಪರಿಗಣಿಸುವ ಅವಕಾಶವೂ ಇದೆ. ಏಳು ಸಾವಿರಕ್ಕೆ ಬಿಸಿಲಲ್ಲಿ ತಿರುಗುವವಳಿಗೆ ಹಾಕಿದ ಈ ಷರತ್ತನ್ನು ಐವತ್ತು ಸಾವಿರದವನಿಗೂ ಅಷ್ಟೇ ಬಿಗಿಯಾಗಿ ಯಾಕೆ ಹಾಕಬಾರದು?

ಇನ್ನೊಂದು ತೊಡಕು ಕಾಲದ್ದು. ಈ ಬಗೆಯ ದೊಡ್ಡ ನೇಮಕಾತಿ 2019ರಲ್ಲಿ ನಡೆದು (ಆಗ 8,581 ಹುದ್ದೆ) ಮತ್ತೆ ನಡೆದದ್ದು 2023ರಲ್ಲಿ. ಮೂವತ್ತಕ್ಕೆ ವಯಸ್ಸಿನ ಗೆರೆ ಎಳೆದ ಸಂಸ್ಥೆ ನಾಲ್ಕು ವರ್ಷ ಸುಮ್ಮನಿದ್ದರೆ ನಡುವೆ ಪದವಿ ಮುಗಿಸಿದವರು ಏನು ಮಾಡಬೇಕು? ಇದನ್ನೊಂದೇ ನೆಚ್ಚಿಕೊಂಡು ಕೂರುವುದು ತರವಲ್ಲ. ಐಸಿ-38 ಬರೆದು ಏಜೆಂಟರಾಗಿ ನಾಲ್ಕೈದು ವರ್ಷ ದುಡಿದವರಿಗೆ ಇದೇ ನೇಮಕಾತಿಯಲ್ಲಿ ಪ್ರತ್ಯೇಕ ವರ್ಗವಿದೆ, ವಯಸ್ಸಿನಲ್ಲಿ ಸಡಿಲಿಕೆಯೂ ಇದೆ. ಊರಲ್ಲಿ ಮೂಗು ಮುರಿಯುವ ಆ ಏಜೆಂಟ್ ಕೆಲಸವೇ ನನ್ನ ಪ್ರಕಾರ ಹೆಚ್ಚು ನಂಬಬಹುದಾದ ಬಾಗಿಲು.

ಒಟ್ಟಿನಲ್ಲಿ ತರಬೇತಿಯ ರೀತಿ ಚೆನ್ನಾಗಿದೆ, ಆಯ್ಕೆಯ ರೀತಿ ಸರಿಯಿಲ್ಲ. ಸರಿಪಡಿಸುವುದು ಕಷ್ಟವೂ ಅಲ್ಲ. ಗ್ರಾಮೀಣ ಬ್ಯಾಂಕುಗಳ ನೇಮಕಾತಿ ಪರೀಕ್ಷೆಯನ್ನು ಕನ್ನಡವೂ ಸೇರಿ 13 ಪ್ರಾದೇಶಿಕ ಭಾಷೆಗಳಲ್ಲಿ ನಡೆಸುವುದಾಗಿ 2019ರಲ್ಲೇ ಹಣಕಾಸು ಸಚಿವರು ಸಂಸತ್ತಿನಲ್ಲಿ ಘೋಷಿಸಿದ್ದರು. ಬ್ಯಾಂಕಿಗೆ ಆದದ್ದು ವಿಮೆಗೂ ಆಗುತ್ತದೆ. ಬೆಳಗಾವಿ ಮತ್ತು ಚಿಕ್ಕೋಡಿಯ ಸಂಸದರು ಈ ಒಂದು ಪ್ರಶ್ನೆಯನ್ನು ದೆಹಲಿಯಲ್ಲಿ ಕೇಳಲಿ. ಉತ್ತರ ಕೊಡಬೇಕಾದದ್ದೂ ದೆಹಲಿಯೇ, ಯಾಕೆಂದರೆ 2022ರಲ್ಲಿ ಷೇರು ಪೇಟೆಗೆ ಹೋದಾಗ ಮಾರಿದ್ದು ನಿಗಮದ ಶೇ 3.5ರಷ್ಟು ಪಾಲನ್ನು ಮಾತ್ರ. ಮಾಲೀಕ ಈಗಲೂ ಕೇಂದ್ರ ಸರ್ಕಾರವೇ.